ಕಲಾ ಪ್ರದರ್ಶನಕ್ಕೆ ಎಲ್ಲರೂ ಬರಲಿ: ದಾವಣಗೆರೆ, ಚಿತ್ರದುರ್ಗದ ಗ್ಯಾಲರಿಗಳನ್ನು ವಿಕಲಚೇತನರಿಗಾಗಿ ಸಜ್ಜು ಮಾಡುವ ಸಮಗ್ರ ಮಾರ್ಗದರ್ಶಿ

ದಾವಣಗೆರೆಯಲ್ಲಿ 1964ರಿಂದ ಚಿತ್ರಕಲೆ ಕಲಿಸುತ್ತಿರುವ ಕಾಲೇಜಿದೆ. ಈಗ ಅದು ದಾವಣಗೆರೆ ವಿಶ್ವವಿದ್ಯಾಲಯದ ದೃಶ್ಯಕಲಾ ಮಹಾವಿದ್ಯಾಲಯ. ಚಿತ್ರದುರ್ಗದ ರಂಗಯ್ಯನ ಬಾಗಿಲಲ್ಲಿ ಸರ್ಕಾರಿ ವಸ್ತುಸಂಗ್ರಹಾಲಯವಿದೆ. ಇವಲ್ಲದೆ ಶಾಲೆಯ ಸಭಾಂಗಣ, ಸಮುದಾಯ ಭವನಗಳಲ್ಲೂ ಕಲಾವಿದರು ಪ್ರದರ್ಶನ ಇಡುತ್ತಾರೆ. ಈ ಬರಹ ಅಂಥ ಪ್ರದರ್ಶನ ಏರ್ಪಡಿಸುವವರಿಗೆ: ಕಲಾ ವಿದ್ಯಾರ್ಥಿಗಳಿಗೆ, ಡ್ರಾಯಿಂಗ್ ಮೇಷ್ಟ್ರುಗಳಿಗೆ, ಮ್ಯೂಸಿಯಂ ಸಿಬ್ಬಂದಿಗೆ. ವಿಕಲಚೇತನರಿರುವ ಮನೆಯವರೂ ಓದಿ. ಏನು ಕೇಳಬಹುದು ಅಂತ ಗೊತ್ತಿದ್ದರೆ ಕೇಳುವುದು ಸುಲಭ.

ನಾನು ಹೇಳಬೇಕಾದದ್ದು ಮುಖ್ಯವಾಗಿ ಒಂದು. ರ‍್ಯಾಂಪ್ ಹಾಕಿದರೆ ಜನ ಕಟ್ಟಡದ ಒಳಗೆ ಬರುತ್ತಾರೆ. ಚಿತ್ರದ ತನಕ ತಲುಪಬೇಕಾದರೆ ಇನ್ನೂ ಒಂದಷ್ಟು ಕೆಲಸ ಇದೆ, ಮತ್ತು ಆ ಕೆಲಸಕ್ಕೆ ದುಡ್ಡಿಗಿಂತ ತಯಾರಿ ಜಾಸ್ತಿ ಬೇಕು. ನಮ್ಮ ಕಡೆ ಹೆಚ್ಚಾಗಿ ಬಾಗಿಲಿನ ತನಕ ಯೋಚನೆ ಮಾಡಿ ನಿಲ್ಲಿಸುತ್ತೇವೆ.

ಕಾನೂನಿನ ಮಾತು ಚುಟುಕಾಗಿ ಹೇಳಿಬಿಡುತ್ತೇನೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಗುರುತಿಸುತ್ತದೆ. ಅದರ 29ನೇ ಸೆಕ್ಷನ್ ಇರುವುದೇ ಸಂಸ್ಕೃತಿ ಮತ್ತು ಮನರಂಜನೆಗಾಗಿ. ಕಲೆ ವಿಕಲಚೇತನರಿಗೂ ಎಟುಕುವಂತೆ ಮಾಡಬೇಕು ಅನ್ನುವುದು ಅದರಲ್ಲೇ ಇದೆ. ಕಟ್ಟಡ ಮತ್ತು ಸೇವೆಗಳ ಸುಗಮತೆಗೆ ಬರೀ ಮಾರ್ಗಸೂಚಿ ಸಾಲದು, ಪಾಲಿಸಲೇಬೇಕಾದ ನಿಯಮಗಳು ಬೇಕು ಅಂತ ಸುಪ್ರೀಂ ಕೋರ್ಟ್ 2024ರ ನವೆಂಬರ್‌ನಲ್ಲಿ ಹೇಳಿತು. ಅನುಮತಿ ಕೇಳಿ ಯಾವುದಾದರೂ ಕಚೇರಿಗೆ ಅರ್ಜಿ ಬರೆಯುವಾಗ 29ನೇ ಸೆಕ್ಷನ್ ಉಲ್ಲೇಖಿಸಿ. ಇದನ್ನು ಯಾರೋ ದಯೆ ತೋರಿ ಮಾಡುವ ಕೆಲಸ ಅಂತ ಬರೆಯಬೇಡಿ.

ಹಂತ 1: ಎರಡು ತಿಂಗಳು ಮೊದಲೇ ಕೇಳಿ

ಪ್ರದರ್ಶನದ ದಿನಾಂಕ ಗೊತ್ತಾದ ಕೂಡಲೇ ನಾಲ್ಕೈದು ಜನರನ್ನು ಕರೆಯಿರಿ. ಪೂರ್ತಿ ಕಣ್ಣು ಕಾಣದವರು ಒಬ್ಬರು, ಮಂದ ದೃಷ್ಟಿಯವರು ಒಬ್ಬರು, ಸನ್ನೆ ಭಾಷೆ ಬಳಸುವವರು ಒಬ್ಬರು, ವೀಲ್‌ಚೇರ್ ಬಳಸುವವರು ಒಬ್ಬರು, ಆಟಿಸಂ ಇರುವ ಮಗುವಿನ ಅಪ್ಪ ಅಥವಾ ಅಮ್ಮ. ಜಾಗ ಖಾಲಿ ಇರುವಾಗಲೇ ಅವರನ್ನು ಅಲ್ಲಿಗೆ ಕರೆದುಕೊಂಡು ಹೋಗಿ, ಎಲ್ಲಿ ಕಷ್ಟ ಆಗುತ್ತದೆ ಅಂತ ನೋಡಿ. ಚಿತ್ರ ನೇತುಹಾಕಿದ ಮೇಲೆ ಬದಲಾಯಿಸಲು ಯಾರಿಗೂ ಮನಸ್ಸು ಬರುವುದಿಲ್ಲ. ಅವರ ಸಮಯಕ್ಕೆ ಗೌರವಧನ ಕೊಡಿ. ಸಲಹೆ ಕೊಡುವುದೂ ಕೆಲಸವೇ ಅಲ್ವಾ?

ಇವರನ್ನು ಹುಡುಕುವುದು ಹೇಗೆ? ದಾವಣಗೆರೆಯಲ್ಲಿ ಕೇಂದ್ರ ಸರ್ಕಾರದ ಸಿಆರ್‌ಸಿ, ಅಂದರೆ ವಿಕಲಚೇತನರ ಕೌಶಲ, ಪುನರ್ವಸತಿ ಮತ್ತು ಸಬಲೀಕರಣದ ಸಂಯುಕ್ತ ಪ್ರಾದೇಶಿಕ ಕೇಂದ್ರ ಇದೆ. ಎರಡೂ ಜಿಲ್ಲೆಗಳಲ್ಲಿ ವಿಕಲಚೇತನರ ಮತ್ತು ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯ ಕಚೇರಿ ಇದೆ. ಹಳ್ಳಿಗಳಿಗೆ ಸುದ್ದಿ ಮುಟ್ಟಿಸಬೇಕಾದರೆ ಗ್ರಾಮ ಪಂಚಾಯಿತಿಗಳ ವಿಆರ್‌ಡಬ್ಲ್ಯುಗಳು, ತಾಲ್ಲೂಕು ಮಟ್ಟದ ಎಂಆರ್‌ಡಬ್ಲ್ಯುಗಳು ಸಿಗುತ್ತಾರೆ. ಈ ಪುನರ್ವಸತಿ ಕಾರ್ಯಕರ್ತರಿಗೆ ಯಾರ ಮನೆಯಲ್ಲಿ ಯಾರಿದ್ದಾರೆ ಅನ್ನುವುದು ಗೊತ್ತಿರುತ್ತದೆ. ಜಗಳೂರು, ಮೊಳಕಾಲ್ಮೂರಿನಂಥ ಕಡೆಯಿಂದ ಜನ ಬರಬೇಕಾದರೆ ಇವರ ಫೋನ್ ಕರೆ ಯಾವ ಪೋಸ್ಟರ್‌ಗಿಂತಲೂ ಹೆಚ್ಚು ಕೆಲಸ ಮಾಡುತ್ತದೆ.

ಹಂತ 2: ಆಮಂತ್ರಣ ಓದಲು ಆಗಬೇಕು

ಇಲ್ಲೇ ತುಂಬಾ ಜನ ಎಡವುತ್ತಾರೆ. ಚಂದದ ಒಂದು ಪೋಸ್ಟರ್ ಮಾಡಿ ಚಿತ್ರದ ಫೈಲನ್ನು ವಾಟ್ಸಾಪ್‌ನಲ್ಲಿ ಕಳಿಸುತ್ತಾರೆ. ಕಣ್ಣು ಕಾಣದವರು ಫೋನನ್ನು ಸ್ಕ್ರೀನ್ ರೀಡರ್, ಅಂದರೆ ಪರದೆಯ ಮೇಲಿನ ಬರಹವನ್ನು ಓದಿ ಹೇಳುವ ತಂತ್ರಾಂಶದ ಮೂಲಕ ಬಳಸುತ್ತಾರೆ. ಆಂಡ್ರಾಯ್ಡ್‌ನಲ್ಲಿ ಟಾಕ್‌ಬ್ಯಾಕ್, ಕಂಪ್ಯೂಟರ್‌ನಲ್ಲಿ ಎನ್‌ವಿಡಿಎ. ಚಿತ್ರದೊಳಗಿನ ಅಕ್ಷರವನ್ನು ಅದು ಸರಿಯಾಗಿ ಓದಿ ಹೇಳುತ್ತದೆ ಅಂತ ನಂಬುವಂತಿಲ್ಲ. ಪೋಸ್ಟರ್ ಜೊತೆಗೆ ಅದೇ ವಿಷಯವನ್ನು ಟೈಪ್ ಮಾಡಿದ ಸಂದೇಶವಾಗಿಯೂ ಕಳಿಸಿ.

ಇನ್ನೊಂದು ತೊಡಕು ನಮ್ಮ ಕನ್ನಡದ್ದೇ. ಡಿಟಿಪಿ ಅಂಗಡಿಯಲ್ಲಿ 'ನುಡಿ' ಅಥವಾ 'ಬರಹ' ತಂತ್ರಾಂಶದ ಹಳೆಯ ಆಸ್ಕಿ ಫಾಂಟ್‌ನಲ್ಲಿ ಟೈಪ್ ಮಾಡಿಸಿದರೆ ಕಣ್ಣಿಗೆ ಕನ್ನಡ ಕಾಣಿಸುತ್ತದೆ. ಆದರೆ ಫೈಲಿನ ಒಳಗಿರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಕಲಸುಮೇಲೋಗರ. ಸ್ಕ್ರೀನ್ ರೀಡರ್ ಅದನ್ನೇ ಓದುತ್ತದೆ, ಕೇಳಿದವರಿಗೆ ಏನೂ ತಿಳಿಯುವುದಿಲ್ಲ. ಎಲ್ಲ ಬರಹವೂ ಯೂನಿಕೋಡ್‌ನಲ್ಲಿ ಇರಲಿ. ಹಳೆಯ ಫೈಲ್ ಇದ್ದರೆ ಯೂನಿಕೋಡ್‌ಗೆ ಬದಲಿಸುವ ಉಚಿತ ಪರಿವರ್ತಕಗಳು ಸಿಗುತ್ತವೆ. ಬದಲಿಸಿದ ಮೇಲೆ ಒತ್ತಕ್ಷರ, ಅರ್ಕಾವೊತ್ತು ಸರಿಯಾಗಿವೆಯೇ ಅಂತ ಒಮ್ಮೆ ಓದಿ ನೋಡಿ.

ಆಮಂತ್ರಣದಲ್ಲಿ ಇರುವುದನ್ನು ಇದ್ದ ಹಾಗೇ ಬರೆಯಿರಿ. ಬಾಗಿಲಲ್ಲಿ ಎಷ್ಟು ಮೆಟ್ಟಿಲು? ರ‍್ಯಾಂಪ್ ಇದೆಯೇ? ವೀಲ್‌ಚೇರ್ ಹೋಗುವ ಶೌಚಾಲಯ ಎಲ್ಲಿದೆ? ಆಟೊ ಎಲ್ಲಿಯ ತನಕ ಬರುತ್ತದೆ? ಸನ್ನೆ ಭಾಷೆಯವರು ಯಾವ ದಿನ ಇರುತ್ತಾರೆ? ಶೌಚಾಲಯ ಇಲ್ಲದಿದ್ದರೆ ಇಲ್ಲ ಅಂತಲೇ ಬರೆದು, ಹತ್ತಿರದ್ದು ಯಾವುದು ಅಂತ ತಿಳಿಸಿ. ಗೊತ್ತಿದ್ದರೆ ಜನ ಅದಕ್ಕೆ ತಕ್ಕಂತೆ ಹೊರಡುತ್ತಾರೆ. ಫೋನ್ ನಂಬರ್ ಜೊತೆ ಮೆಸೇಜ್ ಕಳಿಸಲೂ ಅವಕಾಶ ಕೊಡಿ. ಕಿವಿ ಕೇಳದವರು ಕರೆ ಮಾಡುವುದು ಹೇಗೆ?

ಹಂತ 3: ಬಾಗಿಲು, ದಾರಿ

ರ‍್ಯಾಂಪ್‌ಗೆ 1:12 ಲೆಕ್ಕ. ಒಂದು ಅಡಿ ಎತ್ತರಕ್ಕೆ 12 ಅಡಿ ಉದ್ದ. ತಲಾ 15 ಸೆಂಟಿಮೀಟರಿನ ಮೂರು ಮೆಟ್ಟಿಲು ಇದ್ದರೆ ಎತ್ತರ 45 ಸೆಂ.ಮೀ., ಆಗ 5.4 ಮೀಟರ್ ಉದ್ದದ ರ‍್ಯಾಂಪ್ ಬೇಕು. ಮೂರಡಿ ಹಲಗೆ ಓರೆಯಾಗಿ ಇಟ್ಟು ಇದೇ ರ‍್ಯಾಂಪ್ ಅಂದರೆ ವೀಲ್‌ಚೇರ್ ಹಿಂದಕ್ಕೆ ಮಗುಚುತ್ತದೆ. ಅದು ಇಲ್ಲದಿದ್ದರೇ ವಾಸಿ. ಅಷ್ಟು ಜಾಗ ಇಲ್ಲದಿದ್ದರೆ ಪಕ್ಕದ ಬಾಗಿಲು, ಹಿಂದಿನ ಬಾಗಿಲು ನೋಡಿ. ಹಾಗೆ ಮಾಡಿದರೆ ಎಲ್ಲರನ್ನೂ ಆ ಬಾಗಿಲಿನಿಂದಲೇ ಬಿಡಿ.

ಬಾಗಿಲಿನ ಅಗಲ ಕಡಿಮೆ ಅಂದರೂ 90 ಸೆಂ.ಮೀ. ಇರಲಿ. ಓಡಾಡುವ ದಾರಿ 120 ಇದ್ದರೆ ಒಳ್ಳೆಯದು. ವೀಲ್‌ಚೇರ್ ಪೂರ್ತಿ ತಿರುಗಲು 150 ಸೆಂ.ಮೀ. ಅಡ್ಡಳತೆಯ ಜಾಗ ಬೇಕು. ಸ್ಪಾಟ್‌ಲೈಟಿನ ವೈರ್‌ಗಳು ನೆಲದ ಮೇಲೆ ಹರಿದಾಡದಂತೆ ಗೋಡೆಯ ಬದಿಯಲ್ಲಿ ಟೇಪ್ ಹಾಕಿ. ಹೂಕುಂಡ, ಸ್ವಾಗತದ ಬ್ಯಾನರ್ ಸ್ಟ್ಯಾಂಡ್ ದಾರಿಯ ಮಧ್ಯೆ ಬೇಡ. ಕೋಲಿಗೆ ಸಿಗದೆ ತಲೆಗೆ ಬಡಿಯುವಂತೆ ಚಾಚಿಕೊಂಡ ವಸ್ತು ಇನ್ನೂ ಅಪಾಯ.

ಅಲ್ಲಲ್ಲಿ ಬೆನ್ನು ಮತ್ತು ಕೈಯಾಸರೆ ಇರುವ ಕುರ್ಚಿ ಹಾಕಿ. ವಯಸ್ಸಾದವರು, ಮಂಡಿನೋವಿನವರು, ಬಸುರಿಯರು ಎಲ್ಲರಿಗೂ ಉಪಯೋಗ. ಕುಡಿಯುವ ನೀರು ಇರಲಿ. ಏಪ್ರಿಲ್ ಬಿಸಿಲಿನಲ್ಲಿ ಚಿತ್ರದುರ್ಗದಲ್ಲಿ ಪ್ರದರ್ಶನ ಇಟ್ಟರೆ ಇದನ್ನು ಹೇಳಬೇಕಾಗಿಯೇ ಇಲ್ಲ.

ಚಿತ್ರದುರ್ಗದ ಏಳು ಸುತ್ತಿನ ಕೋಟೆಯ ಮಾತು ಬೇರೆ. ಬಂಡೆಗಳ ನಡುವಿನ ಮೆಟ್ಟಿಲು, ಏರು, ಕಿರಿದಾದ ಸಂದು, ಓಬವ್ವನ ಕಿಂಡಿ. ಇವುಗಳ ರೂಪ ಕೆಡಿಸದೆ ಎಲ್ಲ ಕಡೆ ವೀಲ್‌ಚೇರ್ ಒಯ್ಯಲು ಆಗುವುದಿಲ್ಲ. ಅಂಥ ಕಡೆ ಕೋಟೆಯನ್ನೇ ಕೆಳಗೆ ತರಬೇಕು. ಮುಟ್ಟಿ ನೋಡಬಹುದಾದ ಒಂದು ಮಾದರಿ, ಅದರಲ್ಲಿ ಬಂಡೆಯ ಒರಟು, ಗೋಡೆಯ ನುಣುಪು, ಹೊಂಡಗಳ ತಗ್ಗು ಬೇರೆ ಬೇರೆಯಾಗಿ ಸಿಗಬೇಕು. ಮೇಲಿನ ತನಕ ನಡೆದು ತೆಗೆದ ವಿಡಿಯೊ, ಅದಕ್ಕೆ ಕನ್ನಡದ ವಿವರಣೆ ಮತ್ತು ಅಕ್ಷರದ ಸಾಲು. ಕಲಾ ವಿದ್ಯಾರ್ಥಿಗಳು ಒಂದು ಸೆಮಿಸ್ಟರ್ ಪ್ರಾಜೆಕ್ಟ್ ಆಗಿ ಇಂಥ ಮಾದರಿ ಮಾಡಿಕೊಟ್ಟರೆ ಹತ್ತಾರು ವರ್ಷ ಬಳಕೆಯಾಗುತ್ತದೆ.

ಹಂತ 4: ಗೋಡೆ, ಬೆಳಕು, ಲೇಬಲ್

ಚಿತ್ರದ ನಡುಭಾಗ ಸಾಮಾನ್ಯವಾಗಿ ನಿಂತವರ ಕಣ್ಣಿನ ಮಟ್ಟಕ್ಕೆ, ಅಂದರೆ ಸುಮಾರು 150 ಸೆಂ.ಮೀ. ಎತ್ತರದಲ್ಲಿ ಬರುವಂತೆ ಹಾಕುತ್ತಾರೆ. ವೀಲ್‌ಚೇರ್‌ನಲ್ಲಿ ಕೂತವರ ಕಣ್ಣು ಇರುವುದು 110ರಿಂದ 120ರ ಆಸುಪಾಸು. 135–140ಕ್ಕೆ ಇಳಿಸಿದರೆ ಇಬ್ಬರಿಗೂ ಆಗುತ್ತದೆ, ಮಕ್ಕಳಿಗೂ ಚೆನ್ನ. ಗಾಜಿನ ಚೌಕಟ್ಟು ಇದ್ದರೆ ನೀವೇ ಒಂದು ಕುರ್ಚಿಯಲ್ಲಿ ಕೂತು ಪ್ರತಿ ಚಿತ್ರದ ಮುಂದೆ ನೋಡಿ. ನಿಂತಾಗ ಕಾಣದ ಲೈಟಿನ ಪ್ರತಿಫಲನ ಕೂತಾಗ ಕಣ್ಣಿಗೆ ಹೊಡೆಯುತ್ತದೆ.

ಲೇಬಲ್‌ನ ಅಕ್ಷರ ಕನಿಷ್ಠ 18 ಪಾಯಿಂಟ್. ಕನ್ನಡಕ್ಕೆ ಇನ್ನೂ ಸ್ವಲ್ಪ ದೊಡ್ಡದೇ ಇರಲಿ, ಯಾಕೆಂದರೆ ಒತ್ತಕ್ಷರಗಳು ಸಣ್ಣಗಾಗಿ ಒಂದಕ್ಕೊಂದು ಮೆತ್ತಿಕೊಳ್ಳುತ್ತವೆ. ಸಾಲುಗಳ ನಡುವೆ ಜಾಗ ಬಿಡಿ. ತಿಳಿ ಹಿನ್ನೆಲೆಯಲ್ಲಿ ಕಡು ಅಕ್ಷರ, ಹೊಳಪಿಲ್ಲದ ಕಾಗದ. ಬಂಗಾರದ ಬಣ್ಣದ ಅಕ್ಷರ ಚಂದ ಕಾಣಬಹುದು, ಮಂದ ದೃಷ್ಟಿಯವರು ಓದಲಾರರು.

ಬೆಳಕಿನ ವಿಷಯದಲ್ಲಿ ನಿಜವಾದ ಇಕ್ಕಟ್ಟು ಇದೆ. ಕಾಗದದ ಮೇಲಿನ ಜಲವರ್ಣ, ಹಳೆಯ ಫೋಟೊ, ಬಟ್ಟೆ ಇವು ಬೆಳಕಿಗೆ ಮಾಸುತ್ತವೆ. ಮ್ಯೂಸಿಯಂಗಳಲ್ಲಿ ಇವಕ್ಕೆ 50 ಲಕ್ಸ್ ಬೆಳಕು ಸಾಕು ಅನ್ನುವ ರೂಢಿ. ತೈಲವರ್ಣಕ್ಕೆ 200 ಲಕ್ಸ್ ತನಕ ಆಗಬಹುದು. 50 ಲಕ್ಸ್ ಅಂದರೆ ಮಬ್ಬು. ಮಂದ ದೃಷ್ಟಿಯವರಿಗೆ ಅದು ಕತ್ತಲೆಯೇ. ಹಾಗಂತ ಚಿತ್ರದ ಮೇಲೆ ಲೈಟ್ ಸುರಿಯುವಂತಿಲ್ಲ. ನನಗೆ ಸರಿ ಕಂಡ ದಾರಿ ಇದು: ಚಿತ್ರದ ಮೇಲೆ ಕಡಿಮೆ ಬೆಳಕು, ಲೇಬಲ್ ಮೇಲೆ ಬೇರೆ ಸಣ್ಣ ಲೈಟು, ಜೊತೆಗೆ ಅದೇ ಚಿತ್ರದ ಒಳ್ಳೆಯ ಫೋಟೊ ಇರುವ ಒಂದು ಟ್ಯಾಬ್ಲೆಟ್. ಎರಡು ಬೆರಳಲ್ಲಿ ಹಿಗ್ಗಿಸಿ, ಕಣ್ಣಿನ ಹತ್ತಿರ ಹಿಡಿದು ನೋಡಬಹುದು. ಬೇರೆಯವರೂ ಇದಕ್ಕೆ ಸಾಲು ನಿಲ್ಲುತ್ತಾರೆ, ಆದ್ದರಿಂದ ಯಾರಿಗೆ ಮೊದಲು ಅಂತ ಸ್ವಯಂಸೇವಕರಿಗೆ ಹೇಳಿರಿ.

ಹಂತ 5: ಚಿತ್ರವನ್ನು ಮಾತಿನಲ್ಲಿ ಕಟ್ಟುವುದು

ಇಡೀ ಕೆಲಸದಲ್ಲಿ ನನಗೆ ತುಂಬಾ ಪ್ರಿಯವಾದ ಭಾಗ ಇದು. ಖರ್ಚು ಹೆಚ್ಚೂಕಡಿಮೆ ಸೊನ್ನೆ. ಬೇಕಾಗಿರುವುದು ತಾಳ್ಮೆ ಮತ್ತು ಒಳ್ಳೆಯ ಕನ್ನಡ.

ಎಲ್ಲ ಚಿತ್ರಗಳಿಗೂ ಮಾಡಲು ಹೋಗಬೇಡಿ. ಎಂಟು ಹತ್ತು ಕೃತಿ ಆರಿಸಿ. ಒಂದಕ್ಕೆ ಎರಡು ಮೂರು ನಿಮಿಷ. ಮೊದಲು ಏನು, ಎಷ್ಟು ದೊಡ್ಡದು, ಯಾವುದರಿಂದ ಮಾಡಿದ್ದು. ಆಮೇಲೆ ಒಟ್ಟು ನೋಟ. ಆಮೇಲೆ ಒಂದು ಕ್ರಮದಲ್ಲಿ ಭಾಗ ಭಾಗ. ಕ್ರಮ ತಪ್ಪಿಸಬೇಡಿ: ಒಮ್ಮೆ ಎಡದ ಮೂಲೆ, ಒಮ್ಮೆ ಆಕಾಶ, ಮತ್ತೆ ಕಾಲಿನ ಹತ್ತಿರದ ನಾಯಿ ಅಂತ ಹಾರಿದರೆ ಕೇಳುವವರ ಮನಸ್ಸಿನಲ್ಲಿ ಚಿತ್ರ ನಿಲ್ಲುವುದಿಲ್ಲ. ಬಣ್ಣ ಹೇಳಿ. ಹುಟ್ಟಿನಿಂದ ಕಣ್ಣು ಕಾಣದವರಿಗೂ ಬಣ್ಣದ ಜೊತೆ ಬೆಳೆದ ಅರ್ಥಗಳು ಗೊತ್ತು, ನಡುವೆ ದೃಷ್ಟಿ ಕಳಕೊಂಡವರಿಗಂತೂ ಬಣ್ಣದ ನೆನಪೇ ಇರುತ್ತದೆ. 'ಅದ್ಭುತ', 'ಮನಮೋಹಕ' ಅನ್ನುವ ಮಾತು ಬಿಡಿ. ಕಂಡದ್ದನ್ನು ಕೊಡಿ, ಮೆಚ್ಚುವುದು ಅವರಿಗೆ ಬಿಟ್ಟದ್ದು.

ನಮ್ಮ ಎರಡೂ ಜಿಲ್ಲೆಗಳ ಊರೂರಲ್ಲಿ ಸಿಗುವ ಮೂರು ಅಂತಸ್ತಿನ ವೀರಗಲ್ಲನ್ನೇ ಮಾದರಿಗೆ ಇಟ್ಟುಕೊಳ್ಳೋಣ. ವಿವರಣೆ ಹೀಗೆ ಇರಬಹುದು:

"ಇದು ಬೂದು ಕಲ್ಲಿನ ಒಂದು ಫಲಕ. ನೆಲದಿಂದ ನಿಮ್ಮ ಎದೆಯ ಎತ್ತರಕ್ಕಿದೆ. ಅಗಲ ಎರಡು ಮೊಳ. ಮೂರು ಪಟ್ಟಿಗಳಾಗಿ ಕೆತ್ತಿದ್ದಾರೆ, ಕತೆ ಕೆಳಗಿನಿಂದ ಮೇಲಕ್ಕೆ ಹೋಗುತ್ತದೆ. ಕೆಳಗಿನ ಪಟ್ಟಿಯಲ್ಲಿ ಕಾಳಗ. ಎಡಗಡೆ ವೀರ ಬಿಲ್ಲು ಎಳೆದು ನಿಂತಿದ್ದಾನೆ, ಒಂದು ಕಾಲು ಮುಂದಿದೆ, ಮಂಡಿ ಬಾಗಿದೆ. ಬಲಗಡೆಯಿಂದ ಮೂವರು ಕತ್ತಿ ಗುರಾಣಿ ಹಿಡಿದು ಬರುತ್ತಿದ್ದಾರೆ. ಒಬ್ಬ ಆಗಲೇ ಕಾಲ ಬಳಿ ಬಿದ್ದಿದ್ದಾನೆ. ನಡುವಿನ ಪಟ್ಟಿಯಲ್ಲಿ ಅದೇ ವೀರ, ಕೈಯಲ್ಲಿ ಈಗ ಆಯುಧ ಇಲ್ಲ. ಎರಡೂ ಪಕ್ಕದಲ್ಲಿ ಅಪ್ಸರೆಯರು ಅವನ ತೋಳು ಹಿಡಿದು ಮೇಲಕ್ಕೆ ಒಯ್ಯುತ್ತಿದ್ದಾರೆ. ಅವರ ಕಾಲುಗಳು ಹಿಂದಕ್ಕೆ ಮಡಚಿವೆ, ಹಾರುತ್ತಿರುವ ಹಾಗೆ. ಮೇಲಿನ ಪಟ್ಟಿಯಲ್ಲಿ ಶಿವಲಿಂಗ, ಅದರ ಮುಂದೆ ನಂದಿ, ಪಕ್ಕದಲ್ಲಿ ವೀರ ಕೈಮುಗಿದು ಕೂತಿದ್ದಾನೆ. ತುದಿಯಲ್ಲಿ ಸೂರ್ಯ ಮತ್ತು ಚಂದ್ರ. ಮಳೆಗಾಳಿಗೆ ಮುಖಗಳು ಸವೆದಿವೆ, ಮೂಗು ಕಣ್ಣು ತಿಳಿಯುವುದಿಲ್ಲ."

ಇದನ್ನು ಫೋನ್‌ನಲ್ಲೇ ರೆಕಾರ್ಡ್ ಮಾಡಿ. ನಮ್ಮ ಕಡೆಯ ಮಾತಿನ ಧಾಟಿ ಇದ್ದರೆ ಕೇಳಲು ಹತ್ತಿರ ಅನ್ನಿಸುತ್ತದೆ. ಕ್ಯೂಆರ್ ಕೋಡ್ ಮೂಲಕ ಸಿಗುವಂತೆ ಮಾಡಿ, ಕೋಡ್‌ನ ಸುತ್ತ ದಪ್ಪ ಕಾಗದದ ಉಬ್ಬು ಅಂಚು ಅಂಟಿಸಿ. ಇಲ್ಲದಿದ್ದರೆ ಕಣ್ಣು ಕಾಣದವರು ಕೋಡ್ ಎಲ್ಲಿದೆ ಅಂತ ಹುಡುಕುವುದು ಹೇಗೆ? ಎಲ್ಲ ಚಿತ್ರಗಳ ಪಕ್ಕವೂ ಅದೇ ಎತ್ತರ, ಅದೇ ಬದಿ.

ಹಂತ 6: ಕೈಗೆ ಸಿಗುವ ಚಿತ್ರ

ಸ್ಪೇನ್‌ನ ಪ್ರಾಡೊ ಮ್ಯೂಸಿಯಂ 2015ರಲ್ಲಿ ಹೆಸರಾಂತ ಚಿತ್ರಗಳ ಉಬ್ಬು ಪ್ರತಿಗಳನ್ನು ಮುಟ್ಟಿ ನೋಡಲು ಇಟ್ಟಿತು. ಇಟಲಿಯ ಅಂಕೋನಾದಲ್ಲಿ ಮುಟ್ಟಿ ನೋಡುವುದಕ್ಕೇ ಇರುವ ಓಮೆರೊ ಮ್ಯೂಸಿಯಂ ಇದೆ. ಅದನ್ನು ಕಟ್ಟುವ ಕನಸು ಕಂಡವರು ಕಣ್ಣು ಕಾಣದ ದಂಪತಿ. ದೆಹಲಿಯ ರಾಷ್ಟ್ರೀಯ ವಸ್ತುಸಂಗ್ರಹಾಲಯ ಕೂಡ 'ಅನುಭವ್' ಹೆಸರಿನಲ್ಲಿ ಸ್ಪರ್ಶದ ಗ್ಯಾಲರಿ ಮಾಡಿತು. ಅಷ್ಟು ದೊಡ್ಡ ಖರ್ಚು ನಮಗೆ ಬೇಕಿಲ್ಲ.

ಒಂದು ಚಿತ್ರವನ್ನು ಉಬ್ಬು ಮಾಡುವ ಕ್ರಮ ಹೀಗೆ. ಮೊದಲು ಚಿತ್ರದಿಂದ ಮುಖ್ಯ ಆಕಾರಗಳನ್ನು ಮಾತ್ರ ಎತ್ತಿಕೊಳ್ಳಿ. ಕಣ್ಣು ಒಂದೇ ಸಲಕ್ಕೆ ಹಿಡಿಯುವುದನ್ನು ಬೆರಳು ಇಷ್ಟಿಷ್ಟೇ ಹಿಡಿಯುತ್ತದೆ, ಆದ್ದರಿಂದ ಸಣ್ಣ ವಿವರ ತುಂಬಿದಷ್ಟೂ ಗೊಂದಲ. ಗಾತ್ರ ಎ3 ಆಸುಪಾಸು ಇರಲಿ, ಎರಡು ಅಂಗೈ ಹರಡಿದರೆ ಸಿಗಬೇಕು. ದಪ್ಪ ರಟ್ಟಿನ ಮೇಲೆ ಫೋಮ್ ಶೀಟ್, ಕಾರ್ಕ್, ಬಟ್ಟೆ, ಮರಳು ಕಾಗದ, ದಾರ ಅಂಟಿಸಿ. ಹತ್ತಿರದ್ದು ಎತ್ತರ, ದೂರದ್ದು ತಗ್ಗು. ಎರಡು ಮೂರು ಮಟ್ಟ ಸಾಕು. ನೀರಿಗೆ ಒಂದು ಬಗೆಯ ಮೇಲ್ಮೈ, ನೆಲಕ್ಕೆ ಇನ್ನೊಂದು. ಒಂದು ಮುಖ ಮುಖ್ಯವಾಗಿದ್ದರೆ ಅದನ್ನೇ ಬೇರೆ ಹಲಗೆಯಲ್ಲಿ ದೊಡ್ಡದಾಗಿ ಮಾಡಿ. ಮೇಜಿನ ಮೇಲೆ ಸ್ವಲ್ಪ ಓರೆಯಾಗಿ ಇಡಿ, ಕೆಳಗೆ ವೀಲ್‌ಚೇರ್‌ನಲ್ಲಿ ಕೂತವರ ಮಂಡಿ ತೂರುವಷ್ಟು, ಸುಮಾರು 70 ಸೆಂ.ಮೀ. ಖಾಲಿ ಇರಲಿ. ಮುಗಿಯುವ ಮೊದಲೇ ಕಣ್ಣು ಕಾಣದ ಒಬ್ಬರಿಂದ ಪರೀಕ್ಷೆ ಮಾಡಿಸಿ. ನೀವು ಕಣ್ಣು ಮುಚ್ಚಿಕೊಂಡು ಮುಟ್ಟಿ ನೋಡುವುದು ಪರೀಕ್ಷೆ ಆಗುವುದಿಲ್ಲ, ನಿಮಗೆ ಉತ್ತರ ಮೊದಲೇ ಗೊತ್ತಿರುತ್ತದೆ.

ಮೂಲ ಕೃತಿಗಳನ್ನು ಮುಟ್ಟಿಸುವುದಾದರೆ ಎಚ್ಚರ. ಬೆರಳಿನ ಎಣ್ಣೆ, ಬೆವರಿನ ಉಪ್ಪು ಲೋಹಕ್ಕೆ, ಬಣ್ಣ ಬಳಿದ ಮರಕ್ಕೆ ಕೆಡುಕು. ಗಟ್ಟಿ ಕಲ್ಲು ತಡೆಯುತ್ತದೆ. ಉಂಗುರ, ಬಳೆ, ವಾಚು ತೆಗೆಸಿ, ಕೈ ತೊಳೆಸಿ, ಬೇಕಿದ್ದರೆ ತೆಳು ನೈಟ್ರೈಲ್ ಗ್ಲೌಸ್ ಕೊಡಿ. ಹತ್ತಿಯ ಗ್ಲೌಸ್ ಹಾಕಿದರೆ ಸ್ಪರ್ಶವೇ ಸಿಗುವುದಿಲ್ಲ. ಸರ್ಕಾರಿ ಸಂಗ್ರಹದ ಪ್ರಾಚ್ಯವಸ್ತುಗಳಿಗೆ ಕ್ಯುರೇಟರ್ ಅನುಮತಿ ಇಲ್ಲದೆ ಕೈ ಹಾಕಿಸಬೇಡಿ.

ಮುಟ್ಟಲು ಕೊಡಬಹುದಾದ ಇನ್ನೂ ಎಷ್ಟೋ ವಸ್ತುಗಳು ನಮ್ಮಲ್ಲೇ ಇವೆ. ಮೊಳಕಾಲ್ಮೂರು ಸೀರೆಯ ಸೆರಗು ಮತ್ತು ಒಡಲಿನ ನೇಯ್ಗೆಯ ವ್ಯತ್ಯಾಸ ಬೆರಳಿಗೆ ತಿಳಿಯುತ್ತದೆ. ತೊಗಲುಗೊಂಬೆಯ ಹದ ಮಾಡಿದ ಚರ್ಮ, ಅದರಲ್ಲಿ ಕೊರೆದ ತೂತುಗಳು. ಬ್ರಹ್ಮಗಿರಿಯ ಅಶೋಕನ ಶಾಸನದ ಬ್ರಾಹ್ಮಿ ಅಕ್ಷರಗಳನ್ನು ಮಣ್ಣಿನ ಹಲಗೆಯಲ್ಲಿ ಕೊರೆದು ಇಟ್ಟರೆ ಎರಡು ಸಾವಿರ ವರ್ಷಕ್ಕೂ ಹಿಂದಿನ ಬರಹ ಬೆರಳಿಗೆ ಸಿಗುತ್ತದೆ. ಕಣ್ಣಿರುವ ಮಕ್ಕಳೂ ಇದನ್ನು ಬಿಟ್ಟು ಕದಲುವುದಿಲ್ಲ.

ಬ್ರೈಲ್ ಲೇಬಲ್ ಬೇಕು, ಆದರೆ ಬ್ರೈಲ್ ಒಂದೇ ಸಾಲದು. ದೊಡ್ಡವರಾದ ಮೇಲೆ ದೃಷ್ಟಿ ಹೋದವರಲ್ಲಿ ಬ್ರೈಲ್ ಕಲಿಯದವರು ತುಂಬಾ ಜನ. ಕನ್ನಡ ಬ್ರೈಲ್ ಬರೆಸಿದ ಮೇಲೆ ಅದನ್ನು ಓದಬಲ್ಲವರಿಂದಲೇ ತಿದ್ದಿಸಿ.

ಹಂತ 7: ಸನ್ನೆ ಭಾಷೆಯ ದಿನ

ಭಾರತೀಯ ಸನ್ನೆ ಭಾಷೆಗೆ ತನ್ನದೇ ವ್ಯಾಕರಣ ಇದೆ. ಎಷ್ಟೋ ಕಿವುಡರಿಗೆ ಬರೆದ ಕನ್ನಡ ಎರಡನೇ ಭಾಷೆ. ಆದ್ದರಿಂದ ದೊಡ್ಡ ಲೇಬಲ್ ಇಟ್ಟ ಮಾತ್ರಕ್ಕೆ ಮುಗಿಯಲಿಲ್ಲ. ಒಂದು ದಿನವಾದರೂ ದುಭಾಷಿಯನ್ನು ಕರೆಸಿ, ಚಿತ್ರಗಳ ಪಟ್ಟಿ ಮತ್ತು ಕಲಾವಿದರ ಹೆಸರುಗಳನ್ನು ಒಂದು ವಾರ ಮೊದಲೇ ಅವರಿಗೆ ಕೊಡಿ. ಸೆಪ್ಟೆಂಬರ್ 23 ಅಂತಾರಾಷ್ಟ್ರೀಯ ಸನ್ನೆ ಭಾಷಾ ದಿನ, ಹೊಂದಿದರೆ ಆ ವಾರವೇ ಇಟ್ಟುಕೊಳ್ಳಿ.

ಮಾತಾಡುವವರು ಒಂದು ವಿಷಯ ಮರೆಯಬಾರದು. ಕಿವುಡರು ದುಭಾಷಿಯನ್ನೂ ಚಿತ್ರವನ್ನೂ ಒಟ್ಟಿಗೆ ನೋಡಲಾರರು. ಹೇಳಿ, ನಿಲ್ಲಿಸಿ, ನೋಡಲು ಬಿಡಿ, ಆಮೇಲೆ ಮುಂದಿನದು. ದುಭಾಷಿಯ ಮುಖಕ್ಕೆ ಬೆಳಕು ಬೀಳಬೇಕು, ಬೆನ್ನಿಗೆ ಕಿಟಕಿ ಇರಬಾರದು. ನೀವು ಚಿತ್ರದ ಕಡೆ ತಿರುಗಿ ಮಾತಾಡಿದರೆ ತುಟಿ ನೋಡಿ ತಿಳಿಯುವವರಿಗೆ ಎಲ್ಲ ತಪ್ಪಿಹೋಗುತ್ತದೆ. ಸಾಧ್ಯವಾದರೆ ಒಬ್ಬ ಕಿವುಡ ಕಲಾವಿದರಿಂದಲೇ ವಿವರಣೆ ಕೊಡಿಸಿ, ಧ್ವನಿಗೆ ಅನುವಾದ ಆಗಲಿ. ಆ ಕ್ರಮ ನನಗೆ ಇನ್ನೂ ಇಷ್ಟ.

ಹಂತ 8: ಸದ್ದಿಲ್ಲದ ಒಂದು ಗಂಟೆ

ಆಟಿಸಂ ಇರುವವರಿಗೆ, ಮರೆವಿನ ಕಾಯಿಲೆಯ ಹಿರಿಯರಿಗೆ ಗದ್ದಲವೇ ದೊಡ್ಡ ಅಡ್ಡಿ. ಬೆಳಿಗ್ಗೆ ಬಾಗಿಲು ತೆರೆಯುವ ಮೊದಲ ಗಂಟೆ ಅವರಿಗಾಗಿ ಇಡಿ. ಮೈಕ್, ಹಿನ್ನೆಲೆ ಸಂಗೀತ, ಮಿನುಗುವ ಲೈಟು ಬೇಡ. ಪಕ್ಕದಲ್ಲಿ ಸುಮ್ನೆ ಕೂರಲು ಒಂದು ಕೋಣೆ. ಮನೆಯವರಿಗೆ ಮೊದಲೇ ನಾಲ್ಕೈದು ಫೋಟೊ ಕಳಿಸಿ: ಗೇಟು, ಬಾಗಿಲು, ಒಳಗಿನ ಕೋಣೆ, ಎದುರುಗೊಳ್ಳುವವರ ಮುಖ. ಮಗು ಜೋರಾಗಿ ಕೂಗಿದರೆ ಯಾರೂ ತಿರುಗಿ ದುರುಗುಟ್ಟಬಾರದು. ಹಿರಿಯರ ಜೊತೆ ಇರುವಾಗ "ಇದು ಯಾರ ಚಿತ್ರ ನೆನಪಿದೆಯಾ?" ಅಂತ ಪರೀಕ್ಷೆ ಮಾಡಬೇಡಿ. "ಇಲ್ಲಿ ಏನು ನಡೀತಿದೆ ಅನ್ನಿಸುತ್ತೆ?" ಅಂತ ಕೇಳಿ.

ಹಂತ 9: ಸ್ವಯಂಸೇವಕರಿಗೆ ಅರ್ಧ ದಿನದ ತರಬೇತಿ

ಕೈ ಹಿಡಿದು ಎಳೆಯಬಾರದು. ಹೆಸರು ಹೇಳಿ, ಸಹಾಯ ಬೇಕಾ ಅಂತ ಕೇಳಿ, ನಿಮ್ಮ ಮೊಣಕೈ ಕೊಡಿ. ವೀಲ್‌ಚೇರ್ ಮುಟ್ಟುವ ಮೊದಲು ಕೇಳಿ. ಪ್ರಶ್ನೆಯನ್ನು ಜೊತೆಗೆ ಬಂದವರಿಗಲ್ಲ, ಅವರಿಗೇ ಕೇಳಿ. ಇದನ್ನು ಸಲಹೆಗೆ ಬಂದ ವಿಕಲಚೇತನರೇ ಕಲಿಸಲಿ.

ಒಂದು ನೋವಿನ ಮಾತು ಇಲ್ಲಿ ಹೇಳಲೇಬೇಕು. ಉದ್ಘಾಟನೆ ದಿನ ವಿಕಲಚೇತನರನ್ನು ಕರೆಸಿ, ವೇದಿಕೆಯಲ್ಲಿ ಶಾಲು ಹೊದಿಸಿ, ಫೋಟೊ ತೆಗೆಸಿ, ಚಿತ್ರ ತೋರಿಸದೆ ಕಳಿಸುವುದನ್ನು ನೋಡಿದ್ದೇನೆ. ಹಾಗೆ ಮಾಡಬೇಡಿ. ಭಾಷಣ, ನೂಕುನುಗ್ಗಲಿನ ಆ ದಿನ ಯಾರಿಗೂ ಚಿತ್ರ ನೋಡಲು ಆಗುವುದಿಲ್ಲ. ಅವರ ಭೇಟಿಗೆ ಬೇರೆ ದಿನ ಇಟ್ಟು, ಆರರಿಂದ ಎಂಟು ಜನರ ಗುಂಪು ಮಾಡಿ, ಒಂದೊಂದು ಕೃತಿಯ ಮುಂದೆ ಹತ್ತು ನಿಮಿಷ ಕೊಡಿ. ಫೋಟೊ ಬೇಕಿದ್ದರೆ ಒಪ್ಪಿಗೆ ಕೇಳಿ.

ಹಂತ 10: ಒಮ್ಮೆ ಬೆಂಗಳೂರಿಗೆ ಹೋಗಿ ನೋಡಿ

ಇವೆಲ್ಲ ಹೇಗೆ ಕಾಣುತ್ತವೆ ಅಂತ ತಿಳಿಯಲು ಕಸ್ತೂರ್‌ಬಾ ರಸ್ತೆಯ ಮ್ಯಾಪ್, ಅಂದರೆ ಮ್ಯೂಸಿಯಂ ಆಫ್ ಆರ್ಟ್ ಅಂಡ್ ಫೋಟೋಗ್ರಫಿಗೆ ಹೋಗಿ ಬನ್ನಿ. 2023ರ ಫೆಬ್ರವರಿಯಲ್ಲಿ ಬಾಗಿಲು ತೆರೆದ ಈ ಮ್ಯೂಸಿಯಂ ಶುರುವಿನಿಂದಲೇ ಮುಟ್ಟಿ ನೋಡುವ ಕೃತಿಗಳನ್ನು ಇಟ್ಟಿದೆ. ದಾವಣಗೆರೆಯಿಂದ ರೈಲಿನಲ್ಲಿ ಮೆಜೆಸ್ಟಿಕ್‌ನ ಸಂಗೊಳ್ಳಿ ರಾಯಣ್ಣ ನಿಲ್ದಾಣಕ್ಕೆ ಹೋದರೆ, ಅಲ್ಲಿಂದ ನೇರಳೆ ಮಾರ್ಗದ ಮೆಟ್ರೊದಲ್ಲಿ ಕಬ್ಬನ್ ಪಾರ್ಕ್ ನಿಲ್ದಾಣ. ಮೆಟ್ರೊದಲ್ಲಿ ಲಿಫ್ಟ್ ಇದೆ. ಹೋಗುವ ಮೊದಲು ಮ್ಯೂಸಿಯಂಗೆ ಫೋನ್ ಮಾಡಿ ಗುಂಪಿನಲ್ಲಿ ಯಾರಿದ್ದಾರೆ, ಏನು ಬೇಕು ಅಂತ ತಿಳಿಸಿ. ಯುಡಿಐಡಿ ಕಾರ್ಡ್, ಅಂದರೆ ವಿಕಲಚೇತನರ ಗುರುತಿನ ಚೀಟಿ, ಜೊತೆಗಿರಲಿ. ಸಲಹೆಗೆ ಬಂದ ಗೆಳೆಯರನ್ನೂ ಕರೆದುಕೊಂಡು ಹೋಗಿ. ಒಂದೇ ಉಬ್ಬು ಚಿತ್ರವನ್ನು ಅವರು ಹೇಗೆ ಓದುತ್ತಾರೆ, ಎಲ್ಲಿ ಬೆರಳು ನಿಲ್ಲುತ್ತದೆ ಅನ್ನುವುದನ್ನು ಗಮನಿಸಿ ಬರೆದುಕೊಳ್ಳಿ.

ಹಂತ 11: ಮುಗಿದ ಮೇಲೆ

ಪ್ರದರ್ಶನ ಮುಗಿದ ವಾರದೊಳಗೆ ಬಂದವರಿಗೆ ಫೋನ್ ಅಥವಾ ಮೆಸೇಜ್ ಮಾಡಿ. "ಹೇಗಿತ್ತು?" ಅಂದರೆ "ಚೆನ್ನಾಗಿತ್ತು" ಅನ್ನುತ್ತಾರೆ, ಸೌಜನ್ಯಕ್ಕೆ. ಅದರ ಬದಲು ಹೀಗೆ ಕೇಳಿ: ಯಾವ ಚಿತ್ರ ನೆನಪಿದೆ? ಯಾವ ಉಬ್ಬು ಪ್ರತಿ ಅರ್ಥವಾಗಲಿಲ್ಲ? ಎಲ್ಲಿ ಯಾರನ್ನಾದರೂ ಕಾಯಬೇಕಾಯಿತು? ಮನೆಯಿಂದ ಬಂದು ಹೋಗಲು ಎಷ್ಟು ಖರ್ಚಾಯಿತು? ಕೊನೆಯ ಪ್ರಶ್ನೆ ಬಿಡಬೇಡಿ. ಹಳ್ಳಿಯಿಂದ ಆಟೊ ಮಾಡಿಕೊಂಡು ಬಂದವರಿಗೆ ಪ್ರವೇಶ ಉಚಿತ ಇದ್ದರೂ ಪ್ರಯಾಣ ದುಬಾರಿ. ಮುಂದಿನ ಸಲದ ಬಜೆಟ್‌ನಲ್ಲಿ ಹೂವಿನ ಅಲಂಕಾರದ ದುಡ್ಡನ್ನು ಒಂದು ವ್ಯಾನ್ ಬಾಡಿಗೆಗೆ ತಿರುಗಿಸಬಹುದು. ಉಬ್ಬು ಹಲಗೆಗಳನ್ನು ಬಟ್ಟೆಯಲ್ಲಿ ಸುತ್ತಿ, ಹೆಸರು ಬರೆದು ಎತ್ತಿಡಿ. ರೆಕಾರ್ಡಿಂಗ್‌ಗಳನ್ನು ಅಂಧ ಮಕ್ಕಳ ಶಾಲೆಗೆ ಒಂದು ಪೆನ್‌ಡ್ರೈವ್‌ನಲ್ಲಿ ಕೊಡಿ.